ಜುಲೈನಲ್ಲಿ ವಖಾರಿ ನೋಡಿ, ಮಾರ್ಚ್‌ನಲ್ಲಿ ಪಾಲಿಸಿ ಬರೆಯಿರಿ

ಅಂಗಡಿ, ಕಾರ್ಖಾನೆಗಳ ವಿಮೆ ಮಾಡಿಸುವ ನಮ್ಮಂಥ ಏಜೆಂಟರಲ್ಲಿ ಬಹಳ ಜನರ ಕೆಲಸವೆಲ್ಲ ಮಾರ್ಚ್ ಕೊನೆಯ ಹದಿನೈದು ದಿನಗಳಲ್ಲೇ ಮುಗಿಯುತ್ತದೆ. ಬ್ಯಾಂಕಿನಿಂದ ಪಟ್ಟಿ ಬರುತ್ತದೆ, ಹಳೇ ಪಾಲಿಸಿಯ ಮೊತ್ತವನ್ನೇ ಹೊಸದಕ್ಕೆ ಇಳಿಸುತ್ತೇವೆ, ಚೆಕ್ ಇಸಿದುಕೊಂಡು ಬರುತ್ತೇವೆ. ನಾನು ಇದನ್ನು ತಿರುವಿ ಹಾಕಿದೆ. ಜಾಗ ನೋಡುವುದು ಜುಲೈನಲ್ಲಿ, ಅದೂ ಹಿಂಬಾಗಿಲಿನಿಂದ. ಪ್ರೀಮಿಯಂ ಮಾತು ಆಮೇಲೆ. "ಮಳೆಗಾಲದಲ್ಲಿ ಕೊಡೆ ಹಿಡಿದು ಗಟಾರ ನೋಡ್ತಾ ಹೋದರೆ ಯಾರು ಚೆಕ್ ಕೊಡ್ತಾರೆ ಮಾರಾಯಾ" ಎಂದು ಶಿರಸಿಯ ಜೊತೆಗಾರರು ನಕ್ಕಿದ್ದರು. ಈಗ ನನ್ನ ವ್ಯಾಪಾರಿ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಬೆಂಕಿ ಪಾಲಿಸಿಯ ಜೊತೆಗೆ ಇನ್ನೊಂದನ್ನಾದರೂ ಮಾಡಿಸಿದವರು. ನವೀಕರಣಕ್ಕೆ ಅವರೇ ಫೋನ್ ಮಾಡುತ್ತಾರೆ. ನಕ್ಕವರಲ್ಲಿ ಇಬ್ಬರು ನಾನು ಗಿರಾಕಿಗೆ ಬರೆದುಕೊಡುವ ಹಾಳೆಯ ಜೆರಾಕ್ಸ್ ಕೇಳಿ ಒಯ್ದಿದ್ದಾರೆ.

2021ರ ಏಪ್ರಿಲ್ 1ರಿಂದ ಬಂದ ಸೂಕ್ಷ್ಮ ಉದ್ಯಮ, ಲಘು ಉದ್ಯಮ ಬೆಂಕಿ ಪಾಲಿಸಿಗಳ ಮಿತಿ (ಒಂದು ಜಾಗದ ಆಸ್ತಿಯ ಬೆಲೆ 5 ಕೋಟಿವರೆಗೆ, ಅಲ್ಲಿಂದ 50 ಕೋಟಿವರೆಗೆ) ಎಲ್ಲರಿಗೂ ಬಾಯಿಪಾಠ. ಅದನ್ನು ಬಿಟ್ಟು ನೇರವಾಗಿ ಜಾಗಕ್ಕೆ ಬರುತ್ತೇನೆ.

ಕೈಯಲ್ಲಿ ಬೇಕಾದದ್ದು ಟೇಪು, ಟಾರ್ಚು, ಸೀಮೆಸುಣ್ಣ ಮತ್ತು ಗಾರೆ ಕೆಲಸದವರ ಲೆವೆಲ್ ಪೈಪು, ಮೂವತ್ತು ಅಡಿಯದ್ದು. ಅದರಲ್ಲಿ ಮೂರು ಎತ್ತರ ಹಿಡಿಯುತ್ತೇನೆ: ರಸ್ತೆಯ ನಡುಮಧ್ಯ, ವಖಾರಿಯ (ಗೋದಾಮಿನ) ನೆಲ, ತಳದ ಚೀಲದ ಅಡಿ. ನೆಲ ರಸ್ತೆಗಿಂತ ಅರ್ಧ ಅಡಿ ತಗ್ಗಿದ್ದರೂ ಕೆಂಪು ಗುರುತು. ಕರಾವಳಿಯಲ್ಲಿ ಹೆದ್ದಾರಿ ಅಗಲವಾದ ಮೇಲೆ ರಸ್ತೆ ಮೇಲೆದ್ದು ಹಳೇ ಅಂಗಡಿಗಳು ತಗ್ಗಿಗೆ ಬಿದ್ದಿವೆ, ಹತ್ತು ವರ್ಷದ ಹಿಂದಿನ ಪ್ರಪೋಸಲ್ ಫಾರ್ಮಿನಲ್ಲಿ "ನೀರು ನಿಲ್ಲುವುದಿಲ್ಲ" ಎಂದು ಬರೆದದ್ದಕ್ಕೆ ಈಗ ಅರ್ಥವಿಲ್ಲ. ಮೋರಿ ಎಲ್ಲಿದೆ, ಅದರ ಬಾಯಿ ಕಟ್ಟಿದೆಯೋ ಇಲ್ಲವೋ, ಹಿಂದಿನ ಗೋಡೆಯಲ್ಲಿ ಹಳೇ ನೀರಿನ ಗೆರೆ ಎಷ್ಟು ಎತ್ತರದಲ್ಲಿದೆ, ಇಷ್ಟು ನೋಡಿದರೆ ಪ್ರವಾಹದ ಲೆಕ್ಕ ಅರ್ಧ ಮುಗಿಯಿತು.

ಉಳಿದರ್ಧ ಚೀಲದ ಸಾಲುಗಳಲ್ಲಿದೆ. ಒಂದು ಅಡಿ ನೀರು ಬಂದರೆ ಹಾಳಾಗುವುದು ತಳದ ಸಾಲು ಮಾತ್ರ ಎಂದು ಮಾಲೀಕರು ಹೇಳುತ್ತಾರೆ. ಗೋಣಿ ನೀರನ್ನು ಮೇಲಕ್ಕೆಳೆಯುತ್ತದೆ, ಹಾಗಾಗಿ ಎರಡನೇ ಸಾಲನ್ನೂ ಸೇರಿಸಿ. ಹತ್ತು ಸಾಲಿನ ಅಟ್ಟಿಯಲ್ಲಿ ಎರಡು ಸಾಲು ಎಂದರೆ ಮಾಲಿನ ಐದರಲ್ಲೊಂದು ಪಾಲು. ಕೆಳಗೆ ನಾಲ್ಕಿಂಚಿನ ಮರದ ಪಟ್ಟಿ ಬದಲು ಒಂದೂವರೆ ಅಡಿಯ ಕಟ್ಟೆ ಹಾಕಿಸಿದರೆ ಈ ಅಂಕಿ ಬಹುತೇಕ ಸೊನ್ನೆ. ಕಟ್ಟೆ ಹಾಕಿಸಿದವರ ಫೋಟೋ ಅಂಡರ್‌ರೈಟರ್‌ಗೆ (ಕಂಪನಿಯಲ್ಲಿ ದರ ನಿರ್ಧರಿಸುವವರಿಗೆ) ಕಳಿಸಿದರೆ ದರದಲ್ಲಿ ಸ್ವಲ್ಪ ಮಾತಾಡಬಹುದು.

ಹಂಚಿನಿಂದ ಸೋರಿದ ನೀರಿನ ಮಾತು ಬೇರೆ. ಗಾಳಿಮಳೆಗೆ ಹಂಚು ಹಾರಿ ನೀರು ಬಿದ್ದರೆ ಕ್ಲೇಮು ಉಂಟು. ಸುಮ್ಮನೆ ಸೋರಿ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಬೂಸ್ಟು ಹಿಡಿದರೆ ಇಲ್ಲ. ಮಲೆನಾಡಿನಲ್ಲಿ ಜಗಳವಾಗುವುದು ಹೆಚ್ಚಾಗಿ ಇಲ್ಲಿಯೇ. ಅದಕ್ಕೆ ಜುಲೈನಲ್ಲೇ ಸೋರುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೆಗೆದು, "ಇದಕ್ಕೆ ಪಾಲಿಸಿ ಇಲ್ಲ, ಹಂಚು ಕೈಯಾಡಿಸಿ" ಎಂದು ಬರೆದು ಕೊಡುತ್ತೇನೆ. ಮಾರುವವನೇ ಇದಕ್ಕೆ ವಿಮೆ ಇಲ್ಲ ಎಂದು ಬರೆದುಕೊಟ್ಟರೆ, ಇರುವುದರ ಬಗ್ಗೆ ಅವನು ಹೇಳಿದ್ದನ್ನು ಜನ ನಂಬುತ್ತಾರೆ.

ಗುಡ್ಡಕ್ಕೂ ಸಮುದ್ರಕ್ಕೂ ಇದೇ ಎಚ್ಚರ. ಭೂಕುಸಿತ ಬೆಂಕಿ ಪಾಲಿಸಿಯೊಳಗೇ ಇದೆ. ಆದರೆ ಕಡಲ್ಕೊರೆತ, ನದಿಕೊರೆತ ಹೊರಗೆ. ಕಟ್ಟಡ ಕೆಲಸಕ್ಕೆ, ಮಣ್ಣು ಅಗೆದದ್ದಕ್ಕೆ ಕುಸಿದರೆ ಅದೂ ಹೊರಗೆ. ಕಾರವಾರ, ಗೋಕರ್ಣ ಕಡೆ ಸಮುದ್ರಕ್ಕೆ ಮುಖ ಮಾಡಿದ ಕಟ್ಟಡದವರಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಹಿಂದೆ ಗುಡ್ಡ ಕಡಿದಿದ್ದರೆ ಯಾರು ಕಡಿದದ್ದು, ಯಾವಾಗ ಎಂಬುದನ್ನು ಫೋಟೋ ಸಮೇತ ಫೈಲಿಗೆ ಹಾಕಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಆಚೆ ದಡದ ಉಳುವರೆಯಲ್ಲೂ ನೀರು ಅಪ್ಪಳಿಸಿ ಮನೆಗಳು ಹಾಳಾದವು. ಅಲ್ಲಿಂದೀಚೆಗೆ ನಾನು ಹೊಳೆಯ ಎದುರು ದಡದ ಗುಡ್ಡವನ್ನೂ ನೋಡಿ ಬರೆದುಕೊಳ್ಳುತ್ತೇನೆ.

ಇನ್ನು ಬೆಂಕಿ. ಪೇಟೆಯ ಹಳೇ ಸಾಲು ಅಂಗಡಿಗಳಲ್ಲಿ ಅಟ್ಟ ಹತ್ತಿ ಟಾರ್ಚು ಹಾಕಿ. ನಡುವಿನ ಗೋಡೆ ತೊಲೆಯ ಮಟ್ಟಕ್ಕೆ ನಿಂತಿರುತ್ತದೆ, ಮೇಲೆ ಮಾಡು (ಛಾವಣಿ) ಒಂದೇ. ಅಂದರೆ ಪಕ್ಕದ ಪ್ಲಾಸ್ಟಿಕ್ ಅಂಗಡಿಯ ಬೆಂಕಿ ನಿಮ್ಮ ಅಡಿಕೆಗೆ ಬರಲು ಬಾಗಿಲು ಬೇಡ. ಗೋಡೆ ಮಾಡಿನ ನೆತ್ತಿಗೆ ಮುಟ್ಟಿದ್ದರೆ ಬೆಂಕಿಯ ಗರಿಷ್ಠ ನಷ್ಟ ಒಂದು ಅಂಗಡಿಯದ್ದು, ಮುಟ್ಟದಿದ್ದರೆ ಇಡೀ ಸಾಲಿನದ್ದು. ಒಬ್ಬರದೇ ಎರಡು ವಖಾರಿ ಒಂದೇ ಸಾಲಿನಲ್ಲಿದ್ದರೆ ಎರಡನ್ನೂ ಒಂದೇ ಎಂದು ಹಿಡಿಯಿರಿ.

ಮಾಲಿನ ಮೊತ್ತದ ವಿಚಾರಕ್ಕೆ ಬಂದರೆ ಅರ್ಧ ದಿನವನ್ನು ಇಲ್ಲಿಯೇ ಕಳೆಯುತ್ತೇನೆ. "ಬ್ಯಾಂಕಿನವರು ಮಾಡಿದಾರಲ್ಲ, ಮತ್ತೆಂತಕ್ಕೆ" ಎಂಬುದು ಎಲ್ಲ ಕಡೆಯ ಮೊದಲ ಮಾತು. ಬ್ಯಾಂಕಿನ ವಿಮೆ ಸಿಸಿ ಲಿಮಿಟ್ಟಿಗೆ (ಕ್ಯಾಶ್ ಕ್ರೆಡಿಟ್ ಸಾಲದ ಮಿತಿಗೆ) ಇರುತ್ತದೆ, ಮಾಲಿಗೆ ಇರುವುದಿಲ್ಲ. ಲಿಮಿಟ್ 60 ಲಕ್ಷ, ಪಾಲಿಸಿ 60 ಲಕ್ಷ, ವಖಾರಿಯಲ್ಲಿ ಒಂದೂವರೆ ಕೋಟಿಯ ಮಾಲು ಎಂದಿಟ್ಟುಕೊಳ್ಳಿ. 20 ಲಕ್ಷದ ನಷ್ಟಕ್ಕೆ ಅವರೇಜ್ (ವಿಮೆ ಮೊತ್ತ ಕಡಿಮೆಯಿದ್ದ ಪ್ರಮಾಣದಲ್ಲೇ ಕ್ಲೇಮು ಕತ್ತರಿಸುವ ಲೆಕ್ಕ) ಹಾಕಿದರೆ ಕೈಗೆ 8 ಲಕ್ಷ, ಅದೂ ಮೊದಲು ಬ್ಯಾಂಕಿಗೆ. ಸೂಕ್ಷ್ಮ, ಲಘು ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ಅವರೇಜ್ ಇಲ್ಲ, ನಿಜ. ಇಲ್ಲಿ ಕೊರತೆ ಶೇ. 60. ಮೊತ್ತವನ್ನು ಒಂದೂವರೆ ಕೋಟಿಗೆ ಏರಿಸಲು ನನ್ನ ನೆನಪಿನ ದರದಲ್ಲಿ 13-14 ಸಾವಿರ ಹೆಚ್ಚಾಗುತ್ತದೆ, ಜಿಎಸ್‌ಟಿ ಬೇರೆ. ಕಮಿಷನ್ನು ನನ್ನ ಪಾಲಿಗೆ ಎರಡು ಸಾವಿರದ ಆಸುಪಾಸು. ಇಷ್ಟಕ್ಕೆ ಅರ್ಧ ದಿನವೇ ಎಂದು ಕೇಳುವವರು ಕ್ಲೇಮಿನ ದಿನ ಗಿರಾಕಿಯ ಮುಖ ನೋಡಿದವರಲ್ಲ.

ಮೊತ್ತವನ್ನು ಮಾಲೀಕರ ಬಾಯಿಂದ ಕೇಳುವುದಿಲ್ಲ. ಗುಮಾಸ್ತರ ಹತ್ತಿರ ಕೂತು ಹನ್ನೆರಡು ತಿಂಗಳ ಕೊನೆಯ ದಾಸ್ತಾನು ಮೂರು ಕಡೆಯಿಂದ ಬರೆಸಿಕೊಳ್ಳುತ್ತೇನೆ: ಖಾತೆ ಪುಸ್ತಕ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ಲೆಕ್ಕ. ಮೂರೂ ಒಂದೇ ಇದ್ದದ್ದು ಅಪರೂಪ. ನಷ್ಟ ಅಳೆಯುವ ಸರ್ವೇಯರ್ ಬಂದ ದಿನ ಮೂರನ್ನೂ ಕೇಳುತ್ತಾರೆ, ಸ್ಟೇಟ್‌ಮೆಂಟಿನಲ್ಲಿ ಉಬ್ಬಿಸಿದ ಮಾಲಿಗೆ ಬಿಲ್ಲು ಸಿಗುವುದಿಲ್ಲ. ಇದನ್ನು ಮಾಲೀಕರಿಗೆ ಒಬ್ಬರೇ ಇದ್ದಾಗ ಹೇಳಬೇಕು, ಮಗನ ಎದುರೂ ಬೇಡ.

ಹನ್ನೆರಡು ತಿಂಗಳಲ್ಲಿ ಅತಿ ದೊಡ್ಡ ಅಂಕಿ ನಮ್ಮದು. ಮಾರ್ಚ್ 31ರ ದಾಸ್ತಾನು ಹಿಡಿದರೆ ಚಾಲಿ ತುಂಬಿಟ್ಟುಕೊಳ್ಳುವವರ ಲೆಕ್ಕ ತಪ್ಪುತ್ತದೆ. ಅದರ ಮೇಲೆ ದರದ ಏರಿಳಿತ. ಕ್ವಿಂಟಲಿಗೆ ಐದು ಸಾವಿರ ಏರಿದರೆ 300 ಕ್ವಿಂಟಲ್ ಇಟ್ಟವರಿಗೆ 15 ಲಕ್ಷ ಏರಿತು, ಒಂದು ಚೀಲ ಹೆಚ್ಚು ತರದೇ. ತಿಂಗಳ ಘೋಷಣೆಯ ಪಾಲಿಸಿ (ತಿಂಗಳ ತಿಂಗಳ ದಾಸ್ತಾನು ಕಂಪನಿಗೆ ತಿಳಿಸಿ, ಹೆಚ್ಚು ಕಟ್ಟಿದ ಪ್ರೀಮಿಯಂ ಕೊನೆಗೆ ವಾಪಸು ಪಡೆಯುವಂಥದ್ದು) ಕಾಗದದಲ್ಲಿ ಇದಕ್ಕೆ ಚೊಕ್ಕ ಉತ್ತರ. ನಮ್ಮ ಕಡೆ ಮೂರನೇ ತಿಂಗಳಿಗೆ ಘೋಷಣೆ ನಿಲ್ಲುತ್ತದೆ, ಕಳಿಸದ ತಿಂಗಳಿಗೆ ಪೂರ್ತಿ ಮೊತ್ತವೇ ಲೆಕ್ಕಕ್ಕೆ ಹೋಗುತ್ತದೆ, ವಾಪಸು ಬರಬೇಕಾದ ಹಣ ಬರುವುದಿಲ್ಲ. ಗುಮಾಸ್ತರು ಗಟ್ಟಿ ಇದ್ದಲ್ಲಿ ಮಾತ್ರ ಅದನ್ನು ಕೊಡುತ್ತೇನೆ.

ದಲಾಲಿ ಅಂಗಡಿಗಳಲ್ಲಿ ಇನ್ನೊಂದು ಗುಂಡಿ ಇದೆ. ಅಲ್ಲಿ ಬಿದ್ದಿರುವ ಅಡಿಕೆಯಲ್ಲಿ ದೊಡ್ಡ ಭಾಗ ರೈತರದ್ದು, ದರ ಬರಲಿ ಎಂದು ಇಟ್ಟು ಹೋದದ್ದು. ಮಾಲು ಅಂಗಡಿಯವರದ್ದಲ್ಲ, ಸುಟ್ಟರೆ ಜವಾಬ್ದಾರಿ ಅಂಗಡಿಯವರದ್ದೇ. ನಂಬಿಕೆಯ ಮೇಲೆ ಅಥವಾ ಕಮಿಷನ್ ಮೇಲೆ ಇಟ್ಟುಕೊಂಡ ಪರರ ಮಾಲೂ ಸೇರಿ ಎಂಬ ಸಾಲನ್ನು ಪಾಲಿಸಿಯಲ್ಲಿ ಬರೆಸಿದ್ದರೇ ಗಟ್ಟಿ. ಹಳೇ ಪಾಲಿಸಿ ತೆಗೆದು ಈ ಸಾಲು ಇಲ್ಲದಿರುವುದನ್ನು ತೋರಿಸಿದರೆ ಬೇರೆ ಮಾರಾಟದ ಮಾತು ಬೇಡ. ರೈತರಿಗೆ ಕೊಟ್ಟ ಪಟ್ಟಿಯ ನಕಲು ವಖಾರಿಯಿಂದ ಹೊರಗೆ, ಮನೆಯಲ್ಲೋ ಮೊಬೈಲಿನಲ್ಲೋ ಇರಬೇಕು. ಅಡಿಕೆಯ ಜೊತೆ ಪುಸ್ತಕವೂ ಸುಟ್ಟರೆ ಯಾರ ಮಾಲು ಎಷ್ಟು ಎನ್ನಲು ಸಾಕ್ಷಿ ಇಲ್ಲ.

ಕುಮಟಾ, ಅಂಕೋಲಾ ಕಡೆಯ ಗೇರುಬೀಜ ಕಾರ್ಖಾನೆಗೆ ಹೋದರೆ ಮೊದಲು ಬೋರ್ಮಾ ನೋಡಿ, ತಿರುಳು ಒಣಗಿಸುವ ಆ ಕೋಣೆ. ಟ್ರೇಯಿಂದ ಉದುರಿದ ಪುಡಿ, ಸಿಪ್ಪೆ ತಳದಲ್ಲಿ ಕೂತು ಎಣ್ಣೆ ಬಿಟ್ಟಿರುತ್ತದೆ. ಗುಡಿಸುವುದು ವಾರಕ್ಕೊಮ್ಮೆಯೋ ದಿನವೋ ಎಂದು ಗುಡಿಸುವವರನ್ನೇ ಕೇಳಿ. ಎರಡನೆಯದು ಗೇರುಚಿಪ್ಪಿನ ರಾಶಿ. ಚಿಪ್ಪನ್ನೇ ಬಾಯ್ಲರ್‌ಗೆ ಉರುವಲು ಮಾಡುವಲ್ಲಿ ರಾಶಿ ಬಾಯ್ಲರ್‌ನ ಬಾಯಿಗೇ ಬಂದು ನಿಂತಿರುತ್ತದೆ. ನಾನು ಮೂವತ್ತು ಅಡಿ ದೂರ ಕೇಳುತ್ತೇನೆ, ಇಪ್ಪತ್ತಕ್ಕೆ ಒಪ್ಪುತ್ತೇನೆ. ಬಾಯ್ಲರ್‌ಗೆ ಬೇರೆಯದೇ ಪಾಲಿಸಿ, ತಪಾಸಣೆಯ ಪ್ರಮಾಣಪತ್ರದ ತಾರೀಖು ನೋಡದೆ ಅದರ ಮಾತೆತ್ತಬೇಡಿ.

ಐಸ್ ಪ್ಲಾಂಟಿನವರಿಗೆ ಬೆಂಕಿಗಿಂತ ಕಂಪ್ರೆಸರ್ ಚಿಂತೆ. ಯಂತ್ರ ಕೆಡುವುದು ಬೆಂಕಿ ಪಾಲಿಸಿಯಲ್ಲಿಲ್ಲ. ಶಾರ್ಟ್ ಆಗಿ ಸುಟ್ಟ ಆ ಮೋಟಾರೂ ಇಲ್ಲ, ಅದರಿಂದ ಹರಡಿದ ಬೆಂಕಿಗಷ್ಟೇ ರಕ್ಷಣೆ. ಮಷಿನರಿ ಬ್ರೇಕ್‌ಡೌನ್ ಪಾಲಿಸಿ ಬೇಕು, ಮತ್ತು ಅದರ ಮೊತ್ತ ಹೊಸ ಯಂತ್ರದ ಇಂದಿನ ಬೆಲೆ. ಸೆಕೆಂಡ್‌ಹ್ಯಾಂಡ್ ಕಂಪ್ರೆಸರ್ 3 ಲಕ್ಷಕ್ಕೆ ತಂದು 3 ಲಕ್ಷಕ್ಕೇ ವಿಮೆ ಮಾಡಿಸಿದರೆ, ಹೊಸದು 9 ಲಕ್ಷವಿದ್ದಾಗ ರಿಪೇರಿ ಬಿಲ್ಲಿನ ಮೂರನೇ ಒಂದು ಪಾಲು ಮಾತ್ರ ಬರುತ್ತದೆ. ಮೀನು ಇಡುವ ಕೋಲ್ಡ್ ಸ್ಟೋರೇಜ್ ಇದ್ದರೆ ಮಾಲು ಕೆಡುವುದಕ್ಕೆ ಇನ್ನೊಂದು ಪಾಲಿಸಿ, ಅದು ಮಷಿನರಿ ಪಾಲಿಸಿಯ ಬೆನ್ನಿಗೇ ಬರುವಂಥದ್ದು. ಊರಿನ ಕರೆಂಟು ಹೋಗಿ ಕೆಟ್ಟರೆ ಏನು ಎಂಬುದನ್ನು ಮೊದಲೇ ಅಂಡರ್‌ರೈಟರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಪ್ಲಾಂಟಿನವರಿಗೆ ಪುರುಸೊತ್ತು. ಜುಲೈ ಸುತ್ತಾಟಕ್ಕೆ ಇದೂ ಒಂದು ಕಾರಣ.

ನಡುವೆ ಒಂದು ಪ್ರಯೋಗ. ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ತಂದೆ, ಇಪ್ಪತ್ತು ಸಾವಿರದ ಮೇಲೆ ಬಿತ್ತು. ಕರೆಂಟಿನ ಬೋರ್ಡಿನಲ್ಲಿ ಸಡಿಲ ಜಾಯಿಂಟ್ ಬಿಸಿಯಾಗಿ ಹೊಳೆಯುವುದನ್ನು ಪರದೆಯಲ್ಲಿ ತೋರಿಸಿದರೆ ಗಿರಾಕಿ ಅಂದೇ ಎಲೆಕ್ಟ್ರಿಷಿಯನ್ ಕರೆಸುತ್ತಾರೆ. ಆದರೆ ಹೊಳಪಿನ ತಾಮ್ರ, ಅಲ್ಯುಮಿನಿಯಂ ಪಟ್ಟಿಯ ಮೇಲೆ ಅದು ಸುಳ್ಳು ಹೇಳುತ್ತದೆ, ಬಿಸಿಯಿದ್ದರೂ ತಣ್ಣಗೆ ಕಾಣುತ್ತದೆ. ಬೋರ್ಡು ಬಂದ್ ಇದ್ದಾಗ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಲ್ಲಿಗೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಲೋಡ್ ಕೊಟ್ಟ ಮೇಲೆ ಟೇಪಿನ ಮೇಲೆ ಓದಬೇಕು. ಅರವತ್ತು ಪ್ರಶ್ನೆಗಳ ಫಾರ್ಮು ಇನ್ನೊಂದು ಪ್ರಯೋಗ. ಅದು ಎದ್ದೇಳಲಿಲ್ಲ, ಎಲ್ಲರೂ ಆಡಿಟರ್ ಆಫೀಸಿಗೆ ದಾಟಿಸಿದರು, ಅಲ್ಲಿಂದ ಎಲ್ಲದಕ್ಕೂ "ಹೌದು" ಎಂದು ಬಂತು.

ಸಾಗಣೆಯದ್ದು ಚಿಕ್ಕ ಮಾತು. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಇಳಿಯುವ ಲಾರಿಯ ಮಾಲು ಮಳೆಯಲ್ಲಿ ಒದ್ದೆಯಾದರೆ ಸಾಗಣೆ ಪಾಲಿಸಿಯ ಅಗ್ಗದ 'ಬಿ' ಷರತ್ತು (ಬೆಂಕಿ, ಅಪಘಾತದಂಥ ಕೆಲವೇ ನಷ್ಟಕ್ಕೆ) ಸಾಲದು, 'ಎ' (ಹೊರಗಿಟ್ಟದ್ದು ಬಿಟ್ಟು ಉಳಿದೆಲ್ಲ ನಷ್ಟಕ್ಕೆ) ಬೇಕು. ನಷ್ಟವಾದರೆ ಲಾರಿಯವರಿಗೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಹೋಗಲೇಬೇಕು. ಇದನ್ನು ಗುಮಾಸ್ತರ ಮೇಜಿನ ಗಾಜಿನ ಕೆಳಗೆ ಬರೆದಿಟ್ಟು ಬರುತ್ತೇನೆ.

ಎಲ್ಲ ಆದ ಮೇಲೆ ಒಂದೇ ಹಾಳೆ, ಕನ್ನಡದಲ್ಲಿ. ಎಡಗಡೆ ಏನಾಗಬಹುದು, ನಡುವೆ ಎಷ್ಟು ರೂಪಾಯಿ, ಬಲಗಡೆ ಯಾರು ಹೊರುವುದು: ಕಂಪನಿಯೋ ತಾವೋ. ಶೇಕಡಾ ಬರೆಯಬೇಡಿ, ಲಕ್ಷದಲ್ಲೇ ಬರೆಯಿರಿ. ಬೇಡ ಎಂದ ಪ್ರತಿ ಸಾಲಿನ ಎದುರೂ "ತಿಳಿದು ಬೇಡ ಎಂದಿದ್ದೇನೆ" ಎಂದು ಸಹಿ ತೆಗೆದುಕೊಳ್ಳುತ್ತೇನೆ. ಜೊತೆಗಾರರು ಹೆಚ್ಚು ಹೆದರಿದ್ದು ಇದಕ್ಕೇ, ಗಿರಾಕಿ ಸಿಟ್ಟಾಗುತ್ತಾರೆ ಎಂದು. ಸಿಟ್ಟಾದವರು ಬೆರಳೆಣಿಕೆಯಷ್ಟು. ಪೆನ್ನು ಕೈಗೆ ಬಂದಾಗ "ಇರ್ಲಿ, ಇದೊಂದನ್ನೂ ಹಾಕಿಬಿಡಿ" ಎಂದವರೇ ಹೆಚ್ಚು. ಸಾಲುಗಳನ್ನು ಯಾವ ಕ್ರಮದಲ್ಲಿ ಬರೆಯುತ್ತೇನೆ, ಹಮಾಲರ ಹತ್ತಿರ ಕೇಳುವ ಒಂದು ಪ್ರಶ್ನೆ ಯಾವುದು, ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡಿನ ವಿಷಯ.

ಕಮಿಷನ್ನಿನಲ್ಲಿ ಪಾಲು ಬಿಟ್ಟುಕೊಡುವವರ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ವಿಮಾ ಕಾಯ್ದೆಯ 41ನೇ ಕಲಮು ಅದನ್ನು ನಿಷೇಧಿಸಿದೆ ಎಂದು ಎಲ್ಲರಿಗೂ ಗೊತ್ತು. ಪಾಲು ಕೇಳುವ ಗಿರಾಕಿಗೆ ಹಾಳೆಯ ನಡುವಿನ ಒಟ್ಟು ಮೊತ್ತ ತೋರಿಸುತ್ತೇನೆ, ಮಾತು ಅಲ್ಲಿಗೆ ನಿಲ್ಲುತ್ತದೆ.

ಪಾಲಿಸಿ ಬಂದ ದಿನ ವಿಳಾಸ ಓದಿ. "ಎಪಿಎಂಸಿ ಯಾರ್ಡ್, ಶಿರಸಿ" ಎಂದಷ್ಟೇ ಇದ್ದರೆ ವಾಪಸು ಕಳಿಸಿ. ಗೋದಾಮಿನ ನಂಬರು, ಸರ್ವೆ ನಂಬರು, ಅಕ್ಷಾಂಶ-ರೇಖಾಂಶ ಬರಬೇಕು, ಬಾಡಿಗೆಗೆ ಹಿಡಿದ ಎರಡನೇ ಗೋದಾಮೂ ಬರಬೇಕು. ಪ್ರೀಮಿಯಂ ಕಂಪನಿಗೆ ಮುಟ್ಟುವವರೆಗೆ ರಕ್ಷಣೆ ಶುರುವಾಗದು, ಆದ್ದರಿಂದ ಚೆಕ್ ಕೊಟ್ಟ ರಸೀದಿಯ ತಾರೀಖು ಮತ್ತು ಪಾಲಿಸಿ ಶುರುವಾದ ತಾರೀಖನ್ನು ಪಕ್ಕಪಕ್ಕ ಇಟ್ಟು ನೋಡಿ.

ಈ ಪದ್ಧತಿಗೆ ಇನ್ನೂ ಪಳಗದವರು ಗೋಕರ್ಣ, ಜೊಯಿಡಾ ಕಡೆಯ ಹೋಂಸ್ಟೇಯವರು. ಮನೆಯ ಪಾಲಿಸಿ ಮಾಡಿಸಿಟ್ಟು ಅದರಲ್ಲಿ ವ್ಯಾಪಾರ ನಡೆಸುತ್ತಾರೆ, ಅತಿಥಿ ಹೊಳೆಗಿಳಿದು ಏನಾದರೂ ಆದರೆ ಯಾರ ತಲೆಗೆ ಎಂದು ಕೇಳಿದರೆ ಬೋರ್ಡ್ ಹಾಕಿದ್ದೇವೆ ಎನ್ನುತ್ತಾರೆ. ಅವರಿಗೆ ಜುಲೈ ಆಗುವುದಿಲ್ಲ, ಆಗ ಬಾಗಿಲು ಹಾಕಿರುತ್ತಾರೆ. ಈ ಸಲ ಅಕ್ಟೋಬರ್ ಮೊದಲ ವಾರ ಹೋಗಿ ನೋಡುವವನಿದ್ದೇನೆ, ದಸರಾ ಬುಕಿಂಗಿಗೆ ಮುಂಚೆ.