ವಾರಸುದಾರರಿಲ್ಲದ ಫೈಲುಗಳು: ಕಾರ್ಖಾನೆಯ ಶೇರ್‌ಪಾಯಿಂಟ್ ಸೈಟ್ ನೋಡಿಕೊಂಡ ನನ್ನ ಅನುಭವ

ಪೀಣ್ಯದಲ್ಲಿ ಮೆಷಿನ್ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಡ್ರಾಯಿಂಗ್, ವರ್ಕ್ ಇನ್‌ಸ್ಟ್ರಕ್ಷನ್, ತಪಾಸಣೆ ಫಾರಂ ಇವನ್ನೆಲ್ಲ ಕಾಯುವವನು ನಾನೇ. ಹಾಗಾಗಿ ಕಂಪನಿಯ ಶೇರ್‌ಪಾಯಿಂಟ್ ಸೈಟೂ ನನ್ನ ಪಾಲಿಗೆ ಬಂತು. ಫೈಲುಗಳನ್ನು ಒಂದೇ ಕಡೆ ಇಟ್ಟು ಎಲ್ಲರೂ ಬಳಸುವ ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗ ಅದು. ಲೈಸೆನ್ಸ್, ಲಾಗಿನ್ ಎಲ್ಲ ಐಟಿಯವರದು. ಒಳಗೆ ಏನಿರಬೇಕು, ಯಾರು ಏನನ್ನು ಮುಟ್ಟಬಹುದು ಅನ್ನೋದು ನನ್ನದು.

ಈ ಕೆಲಸಕ್ಕೆ ಕಂಪ್ಯೂಟರ್ ಜ್ಞಾನ ಜಾಸ್ತಿ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಪ್ರತಿ ಫೈಲಿಗೂ ಒಬ್ಬ ವಾರಸುದಾರ ಇದ್ದಾನಾ ಇಲ್ವಾ, ಅದು ಮುಖ್ಯ. ಇದ್ದರೆ ಸೈಟ್ ತಾನಾಗಿಯೇ ಅಚ್ಚುಕಟ್ಟಾಗಿರುತ್ತದೆ. ಇಲ್ಲದಿದ್ದರೆ ಎಂಥಾ ಸೆಟ್ಟಿಂಗೂ ಉಳಿಸಲ್ಲ.

ಮೊದಲು ಮಾಡಿದ್ದು, ಜನ ಇಲ್ಲಿಗೆ ಯಾಕೆ ಬರುತ್ತಾರೆ ಅಂತ ನೋಡಿದ್ದು. ಸೈಟ್ ಯೂಸೇಜ್ ಅನ್ನೋ ಪುಟದಲ್ಲಿ ಹಿಂದಿನ 7, 30, 90 ದಿನಗಳ ಲೆಕ್ಕ ಸಿಗುತ್ತದೆ. ಯಾವ ಫೈಲು ಜಾಸ್ತಿ ತೆರೆದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಬರುತ್ತಿದ್ದದ್ದು ಮೂರೇ ಕಾರಣಕ್ಕೆ. ಚಾಲ್ತಿಯಲ್ಲಿರುವ ಡ್ರಾಯಿಂಗ್, ರಜೆ ಫಾರಂ, ಶಿಫ್ಟ್ ಪಟ್ಟಿ. ಆದರೆ ಮುಖಪುಟ ತುಂಬಾ ಹಳೇ ಸುದ್ದಿ, ಆಯುಧಪೂಜೆ ಫೋಟೋಗಳು. ಮೂರು ಬಟನ್ ಮೇಲೆ ತಂದೆ, ಉಳಿದಿದ್ದನ್ನು ಬೇರೆ ಸೈಟಿಗೆ ಕಳಿಸಿದೆ. ಫೋಟೋ ತೆಗೆದಿದ್ದಕ್ಕೆ ಮಾತ್ರ ದೂರು ಬಂತು ನೋಡಿ!

ಇನ್ನು ಪರ್ಮಿಷನ್. ಸೈಟ್ ಹಾಳಾಗೋದು ಶುರುವಾಗೋದೇ ಇಲ್ಲಿಂದ.

ಶೇರ್‌ಪಾಯಿಂಟಿನಲ್ಲಿ ಮೂರು ಗುಂಪು ಸಿದ್ಧವಾಗಿಯೇ ಬರುತ್ತವೆ: ಓನರ್, ಮೆಂಬರ್, ವಿಸಿಟರ್. ಮೆಂಬರ್ ಅಂದರೆ ಫೈಲ್ ಹಾಕೋದು, ತಿದ್ದೋದು ಅಷ್ಟೇ ಅಂತ ಬಹಳ ಜನ ತಿಳಿದಿರುತ್ತಾರೆ. ಆದರೆ ತಾನಾಗಿ ಸಿಗುವ ಎಡಿಟ್ ಮಟ್ಟದಲ್ಲಿ ಮೆಂಬರು ಇಡೀ ಲೈಬ್ರರಿಯನ್ನೇ, ಅಂದರೆ ಫೈಲುಗಳ ಸಂಗ್ರಹವನ್ನೇ, ಅಳಿಸಬಹುದು, ಹೊಸದು ಸೃಷ್ಟಿಸಲೂಬಹುದು. ಅಷ್ಟು ಅಧಿಕಾರ ಯಾರಿಗೂ ಬೇಕಿಲ್ಲ. ಕಾಂಟ್ರಿಬ್ಯೂಟ್ ಅನ್ನೋ ಮಟ್ಟಕ್ಕೆ ಇಳಿಸಿದರೆ ಒಳಗಿನ ಫೈಲುಗಳ ಮೇಲೆ ಮಾತ್ರ ಕೈ ಆಡುತ್ತದೆ. ನಾನು ಎಲ್ಲ ಸೈಟಿನಲ್ಲೂ ಮೊದಲ ದಿನವೇ ಇದನ್ನು ಮಾಡುತ್ತೇನೆ. ಶಾಪ್ ಫ್ಲೋರಿನವರೆಲ್ಲ ವಿಸಿಟರ್. ಓದಬಹುದು, ಅಷ್ಟೇ.

ಒಬ್ಬೊಬ್ಬರ ಹೆಸರಿಗೆ ಅನುಮತಿ ಕೊಡೋದನ್ನು ಪೂರ್ತಿ ನಿಲ್ಲಿಸಿದೆ. ಒಂದು ಫೈಲಿಗೆ ಒಬ್ಬರನ್ನು ಸೇರಿಸಿದರೆ ಆ ಫೈಲು ಲೈಬ್ರರಿಯ ನಿಯಮದಿಂದ ಕಳಚಿಕೊಳ್ಳುತ್ತದೆ. ಸುಮ್ನೆ ಒಂದು ಶೇರ್ ಲಿಂಕ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೂ ಅಷ್ಟೇ. ಒಂದು ಲೈಬ್ರರಿಯಲ್ಲಿ ಹೀಗೆ ಕಳಚಿಕೊಂಡವು 50,000 ಮೀರುವಂತಿಲ್ಲ, 5,000ದ ಒಳಗಿದ್ದರೆ ಒಳ್ಳೆಯದು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟು ದೂರ ಯಾಕೆ, ನೂರು ದಾಟಿದರೆ ಸಾಕು. ಯಾವುದು ಯಾರಿಗೆ ಕಾಣುತ್ತದೆ ಅಂತ ಹೇಳೋಕೆ ಆಗಲ್ಲ. ಅದಕ್ಕೇ ಐಟಿಯವರಿಗೆ ಹೇಳಿ, ಲಿಂಕ್ ಕಾಪಿ ಮಾಡಿದರೆ ಈಗಾಗಲೇ ಅನುಮತಿ ಇರುವವರಿಗೆ ಮಾತ್ರ ತೆರೆಯುವ ಹಾಗೆ ಮಾಡಿಸಿದೆ. ಗುಟ್ಟಿನ ವಿಷಯ, ಅಂದರೆ ಸಂಬಳ, ವೆಂಡರ್ ರೇಟು, ಇವಕ್ಕೆ ಬೇರೆ ಸೈಟು. ಒಂದೇ ಸೈಟಿನಲ್ಲಿ ಒಂದು ಫೋಲ್ಡರಿಗೆ ಬೀಗ ಹಾಕಿ ನೆಮ್ಮದಿಯಾಗಿರೋದು ಆಗದ ಮಾತು.

ಓನರ್ ಆಗಬೇಕು ಅಂತ ಕೇಳುವವರು ಇದ್ದೇ ಇರುತ್ತಾರೆ. ಸ್ಟೋರ್ಸ್ ಸೂಪರ್‌ವೈಸರ್ ಒಬ್ಬರು ಬಂದು, "ಸಾರ್, ನನ್ನೂ ಓನರ್ ಮಾಡ್ಬಿಡಿ, ಪ್ರತಿ ಸಲ ನಿಮ್ಮನ್ನ ಕೇಳೋದು ಯಾಕೆ" ಅಂದರು. "ಏನ್ ಮಾಡ್ಬೇಕಿತ್ತು ಹೇಳಿ" ಅಂದೆ. ಅವರಿಗೆ ಬೇಕಿದ್ದದ್ದು ತಮ್ಮ ರ‍್ಯಾಕಿನ ಸಾಮಾನು ಮಾತ್ರ ಕಾಣುವ ಒಂದು ಪಟ್ಟಿ. ಒಂದು ವ್ಯೂ, ಅಂದರೆ ಬೇಕಾದ್ದನ್ನು ಮಾತ್ರ ಸೋಸಿ ತೋರಿಸುವ ನೋಟ, ಮಾಡಿಕೊಟ್ಟೆ. ಆಮೇಲೆ ಆ ಮಾತೇ ಬರಲಿಲ್ಲ. ಅಧಿಕಾರ ಕೇಳಿದಾಗ ಕೆಲಸ ಏನು ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಒಂದು ವ್ಯೂನಲ್ಲೋ ಒಂದು ಕಾಲಮ್ಮಿನಲ್ಲೋ ಮುಗಿಯುತ್ತದೆ. ಆದರೆ ನಿಜವಾದ ಓನರ್ ಮಾತ್ರ ಯಾವಾಗಲೂ ಇಬ್ಬರು ಇರಲಿ. ಒಬ್ಬರೇ ಇದ್ದು ಅವರು ಕೆಲಸ ಬಿಟ್ಟರೆ ಗುಂಪು ದಿಕ್ಕಿಲ್ಲದ ಹಾಗಾಗುತ್ತದೆ.

ಡ್ರಾಯಿಂಗ್ ವಿಷಯಕ್ಕೆ ಬರೋಣ. ಹಳೇ ರಿವಿಷನ್ ನೋಡಿ ಮಾಲು ಕಡಿದರೆ ಆ ಮಾಲು ಗುಜರಿಗೇ. ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್ಒ 9001:2015ರ 7.5.3ನೇ ಅಂಶ ಇರೋದೇ ದಾಖಲೆಗಳ ಹತೋಟಿ ಬಗ್ಗೆ. ಆಡಿಟರ್ ಬಂದರೆ ನೇರ ಮೆಷಿನ್ ಹತ್ತಿರ ಹೋಗಿ ಅಲ್ಲಿರುವ ಹಾಳೆ ನೋಡುತ್ತಾರೆ. ನಮ್ಮ ಲೈಬ್ರರಿಯಲ್ಲಿ ಒಂದೇ ಡ್ರಾಯಿಂಗಿಗೆ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಅಂತ ಮೂರು ಫೈಲು ಇರುತ್ತಿದ್ದವು. ಹೆಸರಿನಲ್ಲಿ ರಿವಿಷನ್ ನಂಬರ್ ಬರೆಯೋದನ್ನೇ ತೆಗೆದುಹಾಕಿದೆವು. ಫೈಲಿನ ಹೆಸರು ಪಾರ್ಟ್ ನಂಬರ್ ಮಾತ್ರ. ರಿವಿಷನ್ ಒಂದು ಕಾಲಂ. ಹಳೆಯದೆಲ್ಲ ವರ್ಷನ್ ಹಿಸ್ಟರಿಯಲ್ಲಿ ಇರುತ್ತದೆ, ಕಳೆಯಲ್ಲ. ಸಾಮಾನ್ಯವಾಗಿ 500 ಮುಖ್ಯ ವರ್ಷನ್‌ವರೆಗೆ ಉಳಿಯುತ್ತದೆ. ನಮಗೆ ಅಷ್ಟು ಎಲ್ಲಿ ಬೇಕು.

ಇದರ ಜೊತೆ ಮೈನರ್ ವರ್ಷನ್, ಅಂದರೆ ಪಬ್ಲಿಷ್ ಆಗದ ಡ್ರಾಫ್ಟ್, ಕೂಡ ಆನ್ ಮಾಡಿ, ಡ್ರಾಫ್ಟ್ ತಿದ್ದುವವರಿಗೆ ಮಾತ್ರ ಕಾಣಲಿ ಅಂತ ಇಟ್ಟೆ. ಡಿಸೈನ್‌ನವರು ಅರ್ಧ ತಿದ್ದಿ ಊಟಕ್ಕೆ ಹೋದರೂ ಫ್ಲೋರಿನವರಿಗೆ ಕಾಣೋದು ಹಿಂದೆ ಪಬ್ಲಿಷ್ ಆದದ್ದೇ. ಪಬ್ಲಿಷ್ ಒತ್ತಿದ ಮೇಲೇ ಹೊಸದು. ಫೈಲಿನ ಹೆಸರೂ ಜಾಗವೂ ಬದಲಾಗದ ಕಾರಣ ಮೆಷಿನ್ ಮೇಲೆ ಅಂಟಿಸಿದ ಕ್ಯೂಆರ್ ಕೋಡನ್ನು ಮತ್ತೆ ಅಂಟಿಸುವ ತಾಪತ್ರಯವೂ ಇಲ್ಲ. ಆಪರೇಟರ್ ಮೊಬೈಲ್ ಹಿಡಿದರೆ ಚಾಲ್ತಿ ಡ್ರಾಯಿಂಗ್ ತೆರೆಯುತ್ತದೆ. ನಾನು ಮಾಡಿದ್ದರಲ್ಲಿ ಜನ ಬಾಯಿಬಿಟ್ಟು ಚೆನ್ನಾಗಿದೆ ಅಂದದ್ದು ಇದೊಂದೇ.

ಕನ್ನಡದ ಬಗ್ಗೆ ಹೇಳಲೇಬೇಕು, ಯಾಕಂದರೆ ಇದನ್ನು ಯಾವ ತರಬೇತಿಯಲ್ಲೂ ಹೇಳಲ್ಲ. ನಮ್ಮ ವರ್ಕ್ ಇನ್‌ಸ್ಟ್ರಕ್ಷನ್ ಕನ್ನಡದಲ್ಲಿವೆ. ಹಳೆಯವನ್ನೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಬೇರೆಡೆ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಿದರೆ ಸಿಗೋದೂ ಇಲ್ಲ. ಸರ್ಚ್‌ಗೆ ಅದು ಕನ್ನಡ ಅಂತ ಗೊತ್ತೇ ಆಗಲ್ಲ. 'ಸರ್ಚ್ ಕೆಟ್ಟಿದೆ' ಅಂತ ಬಂದ ದೂರುಗಳಿಗೆ ಬಹುಪಾಲು ಕಾರಣ ಇದೇ. ಎಲ್ಲವನ್ನೂ ಕನ್ವರ್ಟರಿನಲ್ಲಿ ಹಾಕಿ ಯೂನಿಕೋಡ್ ಮಾಡಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ಸರಿಮಾಡಿ ಮತ್ತೆ ಹಾಕಿದೆವು. ಬೇಸರದ ಕೆಲಸ, ನಿಜ. ಮಾಡದೆ ಬೇರೆ ದಾರಿ ಇರಲಿಲ್ಲ.

ಇನ್ನೊಂದು ಕನ್ನಡದ ಸಂಗತಿ ಕಾಲಂ ಹೆಸರು. ಹೊಸ ಕಾಲಮ್ಮಿಗೆ ಮೊದಲು ಕೊಟ್ಟ ಹೆಸರೇ ಒಳಗೆ ಖಾಯಂ ಆಗಿ ಉಳಿಯುತ್ತದೆ. ಆಮೇಲೆ ಬದಲಾಯಿಸಿದರೆ ಹೊರಗೆ ಕಾಣುವ ಹೆಸರು ಮಾತ್ರ ಬದಲು. ಮೊದಲೇ ಕನ್ನಡದಲ್ಲಿ ಇಟ್ಟರೆ ಒಂದೊಂದು ಅಕ್ಷರವೂ, ಒಂದೊಂದು ಸ್ವರಚಿಹ್ನೆಯೂ ಏಳೇಳು ಗುರುತುಗಳ ಸಂಕೇತವಾಗುತ್ತದೆ. ಒಳಹೆಸರಿಗೆ ಇರುವ ಮಿತಿಯೇ 32. ನಾಲ್ಕೇ ಅಕ್ಷರಕ್ಕೆ ಭರ್ತಿ. ಆಮೇಲೆ, ಕೆಲಸಗಳನ್ನು ತಾನಾಗಿ ನಡೆಸುವ ಪವರ್ ಆಟೊಮೇಟ್‌ನಲ್ಲಿ ಏನಾದರೂ ಮಾಡಲು ಕೂತರೆ ಯಾವುದು ಯಾವ ಕಾಲಂ ಅಂತ ತಲೆ ಕೆರೆದುಕೊಳ್ಳಬೇಕು. ಹಾಗಾಗಿ ಮೊದಲು ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗ ಬಿಡದೆ, ಚಿಕ್ಕ ಹೆಸರಿಟ್ಟು ಸೇವ್ ಮಾಡಿ. ಆಮೇಲೆ ಧಾರಾಳವಾಗಿ ಕನ್ನಡಕ್ಕೆ ಬದಲಾಯಿಸಿ.

ಫೋಲ್ಡರ್ ಒಳಗೆ ಫೋಲ್ಡರ್ ಮಾಡೋದಕ್ಕಿಂತ ಕಾಲಂ ಮೇಲು. ಆದರೆ 5,000 ಫೈಲು ದಾಟಿದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಮಾಡಿಡುವ ಸೂಚಿ) ಇಲ್ಲದ ಕಾಲಮ್ಮಿನಲ್ಲಿ ಫಿಲ್ಟರ್ ಮಾಡಿದರೆ ವ್ಯೂ ಮುಷ್ಕರ ಹೂಡುತ್ತದೆ. ಪಾರ್ಟ್ ನಂಬರ್, ಗ್ರಾಹಕರ ಹೆಸರು ಇವಕ್ಕೆ ಲೈಬ್ರರಿ ಚಿಕ್ಕದಿದ್ದಾಗಲೇ ಇಂಡೆಕ್ಸ್ ಹಾಕಿಬಿಡಿ.

ಫೈಲ್ ಮಾಯ ಆಯ್ತು ಅಂತ ಫೋನ್ ಬಂದರೆ ನಾನು ಮೊದಲು ಕೇಳೋದು, ಯಾರಾದರೂ ಲ್ಯಾಪ್‌ಟಾಪಿನಲ್ಲಿ ಜಾಗ ಖಾಲಿ ಮಾಡಿದ್ರಾ ಅಂತ. ಒನ್‌ಡ್ರೈವ್ ಮೂಲಕ ಸಿಂಕ್ ಆಗಿರುವ, ಅಂದರೆ ಲ್ಯಾಪ್‌ಟಾಪಿನಲ್ಲೂ ಸೈಟಿನಲ್ಲೂ ಒಂದೇ ಆಗಿ ಇರುವ, ಫೋಲ್ಡರ್ ತಮ್ಮದೇ ಅಂದುಕೊಂಡು ಅಳಿಸಿದರೆ ಎಲ್ಲರಿಗೂ ಅಳಿಸಿಹೋಗುತ್ತದೆ. ಜಾಗ ಬೇಕಿದ್ದರೆ ಫ್ರೀ ಅಪ್ ಸ್ಪೇಸ್ ಅಂತ ಬೇರೆಯೇ ಇದೆ. ಅಳಿಸಿದ್ದು ರೀಸೈಕಲ್ ಬಿನ್ನಿನಲ್ಲಿ ಒಟ್ಟು 93 ದಿನ ಇರುತ್ತದೆ. ಬಿನ್ ಖಾಲಿ ಮಾಡಿದರೂ ಎರಡನೇ ಬಿನ್ನಿನಲ್ಲಿ ಅದೇ ಲೆಕ್ಕ ಮುಂದುವರಿಯುತ್ತದೆ, ಹೊಸದಾಗಿ ಶುರುವಾಗಲ್ಲ. ಡ್ರಾಯಿಂಗ್ ಲೈಬ್ರರಿಗೆ ಮಾತ್ರ ಸಿಂಕನ್ನೇ ನಿಲ್ಲಿಸಿದ್ದೇನೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್‌ಗೆ ಬೇಡ ಅಂತ ಒಂದು ಗುರುತು ಹಾಕಿದರೆ ಆಯ್ತು.

ಈಗ ಮತ್ತೆ ವಾರಸುದಾರರು. ಪ್ರತಿ ಲೈಬ್ರರಿಯಲ್ಲೂ 'ಜವಾಬ್ದಾರಿ ಯಾರದು' ಅನ್ನೋ ಕಾಲಂ ಇದೆ, ಖಾಲಿ ಬಿಡುವಂತಿಲ್ಲ. ಅದರಲ್ಲಿ ವಿಭಾಗದ ಹೆಸರು ನಡೆಯಲ್ಲ, ಮನುಷ್ಯರ ಹೆಸರೇ ಬೇಕು. 'ಕ್ವಾಲಿಟಿ ವಿಭಾಗ' ಅಂತ ಬರೆದರೆ ಅದು ಯಾರದ್ದೂ ಅಲ್ಲ ಅಲ್ವಾ? ವರ್ಷದಿಂದ ಯಾರೂ ತಿದ್ದದ ಫೈಲುಗಳಿಗೆ ಒಂದು ವ್ಯೂ ಮಾಡಿದ್ದೇನೆ. ಫಿಲ್ಟರಿನಲ್ಲಿ ಇವತ್ತಿನ ತಾರೀಕಿನಿಂದ 365 ಕಳೆದರೆ ಸಾಕು. ಆ ಪಟ್ಟಿಯನ್ನು ಆಗಾಗ ಆಯಾ ಹೆಸರಿನವರಿಗೆ ಕಳಿಸುತ್ತೇನೆ. ಇಡೋದಾ, ಆರ್ಕೈವಿಗೆ ಹಾಕೋದಾ, ಅಷ್ಟೇ ಪ್ರಶ್ನೆ. ಉತ್ತರ ಬರದಿದ್ದರೆ ಆರ್ಕೈವಿಗೆ ಹೋಗುತ್ತದೆ. ಆಗ ಮಾತ್ರ ಬೇಗ ಉತ್ತರ ಬರುತ್ತದೆ.

ಕೆಲಸ ಬಿಡುವವರದ್ದು ಬೇರೆ ಕತೆ. ಎಚ್‌ಆರ್‌ನವರ ನೋ ಡ್ಯೂಸ್ ಫಾರಮ್ಮಿನಲ್ಲಿ ಐಡಿ ಕಾರ್ಡ್, ಲ್ಯಾಪ್‌ಟಾಪ್, ಟೂಲ್ಸ್ ಅಂತೆಲ್ಲ ಇತ್ತು, ಫೈಲುಗಳ ಬಗ್ಗೆ ಏನೂ ಇರಲಿಲ್ಲ. ಒಂದು ಸಾಲು ಸೇರಿಸಿಸಿದೆ: ಇವರ ಹೆಸರಲ್ಲಿರುವ ಫೈಲುಗಳು ಯಾರಿಗೆ? ಅದಕ್ಕೆ ನನ್ನ ಸಹಿ ಬೇಕು. ಸಹಿ ಹಾಕೋ ಮೊದಲು ಅವರ ಸ್ವಂತ ಒನ್‌ಡ್ರೈವ್‌ನಲ್ಲಿ ಕಂಪನಿಯ ಕೆಲಸದ್ದು ಏನಾದರೂ ಉಳಿದಿದೆಯಾ ಅಂತ ಜೊತೆಗೆ ಕೂತು ನೋಡುತ್ತೇನೆ. ಖಾತೆ ಅಳಿಸಿದ ಮೇಲೆ ಅದು ಸಾಮಾನ್ಯವಾಗಿ ಉಳಿಯೋದು 30 ದಿನ. ನೋಟಿಸ್ ಅವಧಿಯ ಕೊನೇ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಅವತ್ತು ಅವರು ಕೇಕ್ ಕತ್ತರಿಸೋದರಲ್ಲಿ, ಎಲ್ಲರ ಹತ್ತಿರ ಮಾತಾಡೋದರಲ್ಲಿ ಇರುತ್ತಾರೆ. ಎರಡು ವಾರ ಮೊದಲೇ ಹಿಡಿದು ಕೂರಿಸಿ.