ಮೌಂಟ್ ಲೋ ರೈಲಿನ ಗುರುತು ಹುಡುಕಿ ಹೋಗುವವರಿಗೆ

ಮಕ್ಕಳ ಮನೆಗೆಂದು ಲಾಸ್ ಏಂಜಲಿಸ್ ಕಡೆ ಬಂದಿದ್ದೀರಾ? ಹಾಗಿದ್ದರೆ ಒಂದು ಬೆಳಗ್ಗೆ ಆಲ್ಟಡೀನಾಗೆ ಹೋಗಿ. ಅಲ್ಲಿನ ಬೆಟ್ಟದ ಮೇಲೆ ಹಿಂದೆ ಪ್ರವಾಸಿಗರಿಗಾಗಿ ಮೌಂಟ್ ಲೋ ರೈಲು ಓಡುತ್ತಿತ್ತು; ಈಗ ಉಳಿದಿರುವುದು ಅದರ ಗುರುತು ಮಾತ್ರ. ಲೇಕ್ ಅವೆನ್ಯೂ ಉತ್ತರಕ್ಕೆ ಮುಗಿಯುವಲ್ಲಿ ಸ್ಯಾಮ್ ಮೆರಿಲ್ ಕಾಲುದಾರಿ ಶುರುವಾಗುತ್ತದೆ. ಎಕೋ ಬೆಟ್ಟಕ್ಕೆ ನಾಲ್ಕು ಕಿಲೋಮೀಟರ್ ಚಿಲ್ಲರೆ, ಏರು ಸುಮಾರು 1,400 ಅಡಿ. 2025ರ ಜನವರಿಯಲ್ಲಿ ಈಟನ್ ಕಾಡ್ಗಿಚ್ಚು ಈ ಕಡೆಯನ್ನು ಸುಟ್ಟಿತು. ಅದಕ್ಕೇ ಅರಣ್ಯದವರು ದಾರಿ ತೆರೆದಿದ್ದಾರಾ ಅಂತ ಮೊದಲು ವಿಚಾರಿಸಿ. ಮುಚ್ಚಿದ್ದರೆ ದಯವಿಟ್ಟು ನುಗ್ಗಬೇಡಿ. ನಾನು ಹೋಗಿದ್ದು ಬೆಂಕಿಗೂ ಮುಂಚೆ, ಮಗಳ ಜೊತೆ.

ಏಳು ಗಂಟೆಗೇ ಹತ್ತಲು ಶುರು ಮಾಡಿ. ನೆರಳು ಕಡಿಮೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು.

ಹತ್ತುತ್ತಾ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆಗಿನ ಪ್ರಯಾಣಿಕರು ಟ್ರಾಲಿಯಲ್ಲಿ, ಅಂದರೆ ವಿದ್ಯುತ್ ಟ್ರಾಮಿನಲ್ಲಿ, ರೂಬಿಯೋ ಕಣಿವೆಗೆ ಬಂದು, ಅಲ್ಲಿಂದ ಎಕೋ ಬೆಟ್ಟಕ್ಕೆ ಉಕ್ಕಿನ ಹಗ್ಗದಿಂದ ಎಳೆಯುವ ಬಂಡಿ ಹತ್ತುತ್ತಿದ್ದರು. ಅದು ಶುರುವಾದದ್ದು 1893ರ ಜುಲೈ 4ರಂದು. ಕೆಲವು ಕಡೆ ನೂರಡಿ ಮುಂದೆ ಹೋದರೆ 62 ಅಡಿ ಮೇಲೆ! ಇಂಜಿನಿಯರ್ ಡೇವಿಡ್ ಮ್ಯಾಕ್‌ಫರ್ಸನ್. ಹಣ, ಹಟ ಎರಡೂ ಥಾಡಿಯಸ್ ಲೋ ಅವರದು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯಕ್ಕಾಗಿ ಬಲೂನು ಹಾರಿಸಿದವರು ಅವರೇ.

ಮೇಲೆ ತಲುಪಿದ ತಕ್ಷಣ ಎಲ್ಲರೂ ಹಿಂದೆ ಅಲ್ಲಿದ್ದ ಹೋಟೆಲಿನ ಮೆಟ್ಟಿಲ ಮೇಲೆ ಫೋಟೋಗೆ ಓಡುತ್ತಾರೆ. ನೀವು ಮೊದಲು ಆ ಬಂಡಿಗಳ ಹಗ್ಗ ಎಳೆಯುತ್ತಿದ್ದ ದೊಡ್ಡ ಕಬ್ಬಿಣದ ಚಕ್ರದ ಹತ್ತಿರ ಹೋಗಿ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ. ಅಂಚಿನ ಸುತ್ತ ಸಾಲಾಗಿ ಹಿಡಿಕೆಗಳಿವೆ, ಬೆರಳುಗಳ ಹಾಗೆ. ಹಗ್ಗದ ಭಾರ ಬಿದ್ದಾಗ ಕಚ್ಚುತ್ತವೆ, ಹಗ್ಗ ಜಾರುವುದಿಲ್ಲ. ಒಂದು ಬಂಡಿ ಇಳಿದರೆ ಇನ್ನೊಂದು ಹತ್ತುತ್ತಿತ್ತು. ನಮ್ಮ ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ, ಅಲ್ವಾ? ಈ ಹಗ್ಗದ ಕೆಲಸದ ಹಿಂದೆ ಇದ್ದವರು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಹಗ್ಗದಿಂದ ಓಡುವ ಕೇಬಲ್ ಕಾರಿನ ಆಂಡ್ರ್ಯೂ ಹ್ಯಾಲಿಡಿ.

ಈಗ ಮೆಟ್ಟಿಲಿಗೆ ಬನ್ನಿ. ಎಕೋ ಮೌಂಟನ್ ಹೌಸ್‌ನಲ್ಲಿ 70 ಕೋಣೆಗಳಿದ್ದವು. 1900ರಲ್ಲಿ ಸುಟ್ಟುಹೋಯಿತು. ಅಷ್ಟರಲ್ಲೇ ಲೋ ಅವರ ಕೈಯಿಂದ ರೈಲೂ ಹೋಗಿತ್ತು. ಆರು ವರ್ಷ ಅಷ್ಟೇ! ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಸಂಕಟವಾಗುತ್ತದೆ. 1905ರಲ್ಲಿ ಮತ್ತೆ ಬೆಂಕಿ ಬಂದು ಬೆಟ್ಟದ ಮೇಲೆ ಉಳಿದಿದ್ದ ಕಟ್ಟಡಗಳಲ್ಲೂ ಬಹುಪಾಲು ಹೋದವು.

ಮೆಟ್ಟಿಲು ಆದ ಮೇಲೆ, ಎಕೋ ಬೆಟ್ಟದಿಂದ ಮುಂದಕ್ಕೆ ರೈಲು ಓಡುತ್ತಿದ್ದ ದಾರಿಯಲ್ಲೇ ಸ್ವಲ್ಪ ನಡೆಯಿರಿ. ಗುರುತು ಹಿಡಿಯುವುದು ಸುಲಭ. ಕಾಲುದಾರಿ ಸುತ್ತಿ ಸುತ್ತಿ ಕಡಿದಾಗಿ ಏರುತ್ತದೆ. ರೈಲಿನ ದಾರಿ ಹಾಗಲ್ಲ, ಬೆಟ್ಟದ ಮೈ ಹಿಡಿದು ಮೆಲ್ಲಗೆ ಏರುತ್ತದೆ. ಇದರ ಮೇಲೆ ಮೂರನೆಯ ಗಾಡಿ 127 ತಿರುವು ದಾಟಿ ಆಲ್ಪೈನ್ ಟ್ಯಾವರ್ನ್ ಎಂಬ ಹೋಟೆಲಿಗೆ ಹೋಗುತ್ತಿತ್ತು. ಅದಕ್ಕಿಂತ ಮೇಲೆ, ಶಿಖರದ ತನಕ ಹಳಿ ಹೋಗಲೇ ಇಲ್ಲ. 1936ರಲ್ಲಿ ಟ್ಯಾವರ್ನ್ ಸುಟ್ಟಿತು, 1938ರ ಮಳೆಗೆ ದಾರಿ ಕೊಚ್ಚಿಹೋಯಿತು.

ಇಳಿಯುವಾಗ ಮಂಡಿಗೆ ಹೊಡೆತ ಜಾಸ್ತಿ. ಒಂದು ಕೋಲು ಇಟ್ಟುಕೊಂಡು ಹೋಗಿ.