ಬಾತುಕೋಳಿಯ ಪಾದದ ಆಣಿ: ಬ್ಲೇಡ್ ಮುಟ್ಟಿಸದೆ ವಾಸಿ ಮಾಡಿದ್ದು

ನಮ್ಮ ಬಾತುಕೋಳಿ ಬೆಳ್ಳಿಯ ಕಾಲಲ್ಲಿ ಆಣಿ, ಅಂದರೆ ಪಾದದಡಿ ಒಳಗೆ ಕೀವು ಕಟ್ಟುವ ಗಂಟು, ಎದ್ದಾಗ "ಇದು ಉಳಿಯಲ್ಲ, ಕುಯ್ದು ಸಾರು ಮಾಡ್ಕೊಳಿ" ಅಂದವರೇ ಜಾಸ್ತಿ. ಈಗ ಎರಡೂ ಕಾಲೂರಿ ಮಾವಿನ ತೋಟವೆಲ್ಲ ಅಲೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳ್ಳಿ ವೈಟ್ ಪೆಕಿನ್ ತಳಿಯ ಹೆಣ್ಣು, ಆಗ ಮೂರೂವರೆ ಕೆಜಿ ಹತ್ತಿರ ತೂಗುತ್ತಿತ್ತು. ಆ ತೂಕವೇ ಅರ್ಧ ರೋಗ. ನಮ್ಮ ಶ್ರೀನಿವಾಸಪುರದ ಕಡೆ ಅಂಗಳ ಅಂದರೆ ಚಪ್ಪಡಿ, ಇಲ್ಲಾ ಜಲ್ಲಿ. ಹಗುರ ಮೈಯ ಖಾಕಿ ಕ್ಯಾಂಪ್‌ಬೆಲ್ ತಳಿ ಹೇಗೋ ಸುಧಾರಿಸಿಕೊಳ್ಳುತ್ತೆ, ಪೆಕಿನ್ ಕೈಲಾಗಲ್ಲ.

ಬಾತು ನೋವು ತೋರಿಸಿಕೊಳ್ಳುವ ಜೀವವಲ್ಲ. ಒಂಟಿ ಕಾಲಲ್ಲಿ ನಿಂತಿದೆ ಅಂತ ಗಾಬರಿ ಬೀಳಬೇಡಿ, ಆರಾಮಾಗಿದ್ದಾಗಲೂ ಹಾಗೇ ನಿಲ್ಲುತ್ತೆ. ಪ್ರತಿಸಲ ಎತ್ತಿಕೊಳ್ಳೋದು ಅದೇ ಕಾಲಾದರೆ ಹಿಡಿದು ತಿರುವಿ ನೋಡಿ. ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಯಾವುದು ಕೊನೆಗೆ ಬರುತ್ತೆ ಅನ್ನೋದನ್ನ ನಾನು ತಪ್ಪದೆ ಗಮನಿಸುತ್ತೇನೆ. ಬೆಳ್ಳಿ ಹಿಂದೆ ಬಿದ್ದಿತ್ತು, ಹಿಕ್ಕೆ ಹಸಿರಾಗಿತ್ತು, ಅಂದರೆ ಹೊಟ್ಟೆಗೆ ಮೇವು ಬಿದ್ದಿಲ್ಲ. ಪಾದದ ನಡುವೆ ಕಪ್ಪು ಹಕ್ಕಳೆ, ಸುತ್ತ ಊತ, ಇನ್ನೊಂದು ಪಾದಕ್ಕಿಂತ ಬಿಸಿ.

ಮೊದಲು ಅರಿಶಿನ, ಕೊಬ್ಬರಿ ಎಣ್ಣೆ. ನೀರಿಗಿಳಿದ ತಕ್ಷಣ ಎಲ್ಲ ತೊಳೆದುಹೋಯಿತು. ಬೇವಿನೆಣ್ಣೆಯ ಗತಿಯೂ ಅದೇ. ಯಾರೋ ಕೊಟ್ಟ ಮುಲಾಮಿಗೆ ಇನ್ನೂರು ಚಿಲ್ಲರೆ ಹೋಯಿತು, ಊತ ಇಳಿಯಲಿಲ್ಲ. ಕೊನೆಗೆ ಕಾರು ಮಾಡಿಕೊಂಡು ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆ, ಡೀಸೆಲ್ಲು ಫೀಸು ಸೇರಿ ಎರಡು ಸಾವಿರಕ್ಕೆ ಕಮ್ಮಿ ಇರಲಿಲ್ಲ. ಕೊಯ್ದು ಒಳಗಿನ ಗಟ್ಟಿ ಕೀವು ತೆಗೀಬೇಕು ಅಂದರು. ನಾನು ಆಂಟಿಬಯೋಟಿಕ್ ಬರೆಸಿಕೊಂಡು, ಕೊಯ್ಯೋದು ಸ್ವಲ್ಪ ದಿನ ತಡೀರಿ ಅಂತ ಹೇಳಿ ಬಂದೆ. ಆ ಮಾತ್ರೆ ನಡೆಯುವಾಗ, ನಿಂತ ಮೇಲೂ ಡಾಕ್ಟರು ಹೇಳಿದಷ್ಟು ದಿನ, ಮೊಟ್ಟೆ ತಿನ್ನಬಾರದು. ನಮ್ಮದು ಅಷ್ಟರಲ್ಲಿ ಇಡೋದನ್ನೇ ಬಿಟ್ಟಿತ್ತು.

ನಾನು ಮಾಡಿದ್ದು ಎಲ್ಲರೂ ಬೇಡ ಅಂದಿದ್ದನ್ನ. ಗಾಯ ಇದ್ದಾಗ ನೀರಿಗೆ ಬಿಡಬಾರದು ಅಂತಾರಲ್ಲ, ನಾನು ದಿನಾ ಬಿಟ್ಟೆ. ಕೆರೆ-ಕುಂಟೆಗಲ್ಲ, ದೊಡ್ಡ ಟಬ್ಬಿನ ಶುದ್ಧ ನೀರಿಗೆ. ತೇಲುವಾಗ ಪಾದದ ಮೇಲೆ ಭಾರ ಬೀಳಲ್ಲ. ಆಮೇಲೆ ಬೆಚ್ಚಗಿನ ನೀರಿಗೆ ಮೆಗ್ನೀಷಿಯಂ ಸಲ್ಫೇಟ್ ಹಾಕಿ ಕಾಲು ನೆನೆಸೋದು, ಕಾಲು ಗಂಟೆ. ಟೊಮೇಟೊಗೆ ಹೊಡೆಯುವ ಅದೇ ಉಪ್ಪು, ಆದರೆ ಗೊಬ್ಬರದಂಗಡಿಯದು ಬೇಡ, ಮೆಡಿಕಲ್‌ನಲ್ಲಿ ಸಿಗುತ್ತೆ. ಬಾತು ಆ ನೀರನ್ನ ಕುಡಿದರೆ ಭೇದಿ ಗ್ಯಾರಂಟಿ. ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಕುಡಿಯೋ ನೀರಿಡಿ, ಆ ಕಡೆಗೇ ತಿರುಗುತ್ತೆ. ಒರೆಸಿ ಒಣಗಿಸಿ, ನೀರು ಬೆರೆಸಿದ ಬೆಟಾಡಿನ್, ಗಾಜ್ ಬಟ್ಟೆ, ಮೇಲೆ ಎಳೆದರೆ ಹಿಗ್ಗುವ ಬ್ಯಾಂಡೇಜು. ಬೆರಳ ಸಂದಿನ ಚರ್ಮ ಮಡಚದ ಹಾಗೆ ಕಟ್ಟು ಹೇಗೆ ಸುತ್ತಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ಕೈಯಲ್ಲಿ ಹಿಡಿದು ತೋರಿಸುವ ಕೆಲಸ. ಸೈಕಲ್ ಟ್ಯೂಬ್ ಕತ್ತರಿಸಿ ಬೂಟು ಹೊಲಿದು ನೋಡಿದೆ. ಒಳಗೆ ಬೆವೆತು ನಾರಿತು, ಬಿಸಾಕಿದೆ.

ಹಕ್ಕಳೆಯನ್ನ ಕೀಳಲು ಹೋಗಲಿಲ್ಲ. ಎರಡು ಮೂರು ವಾರಕ್ಕೆ ನೆನೆದು ತಾನೇ ಬಿಟ್ಟುಕೊಂಡಿತು, ಹಿಂದೆಯೇ ಕಡಲೆಬೇಳೆ ಗಾತ್ರದ ಗಟ್ಟಿ ಕೀವು. ಆಮೇಲೆ ಚರ್ಮ ಕೂಡಿಕೊಳ್ಳಲು ಇನ್ನೂ ಒಂದು ತಿಂಗಳಿನ ಮೇಲಾಯಿತು.

ನೆಲ ಬದಲಾಯಿಸದೆ ಇದ್ಯಾವುದೂ ನಿಲ್ಲುತ್ತಿರಲಿಲ್ಲ. ರಾಗಿ ಹುಲ್ಲು ಹಾಸಿದೆ, ಒದ್ದೆಯಾಗಿ ಬೂಷ್ಟು ಬಂತು. ಬಾತಿನ ಶ್ವಾಸಕ್ಕೆ ಬೂಷ್ಟು ವಿಷ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಅದರ ಅಂಚು ಚೂಪು. ಕೊನೆಗೆ ಹಳೇ ಮನೆ ಕೆಡವಿದ ಕಡೆ ಉಳಿದಿದ್ದ ಹೊಳೆ ಮರಳು ತರಿಸಿದೆ, ಸಾಗಾಟವೇ ಸಾವಿರದ ಮೇಲೆ. ಫೀಡ್ ಇಳಿಸಿ ನುಗ್ಗೆ ಸೊಪ್ಪು ಏರಿಸಿದೆ. ವಿಟಮಿನ್ ಎ ಕಮ್ಮಿಯಾದರೂ ಪಾದದ ಚರ್ಮ ಒಡೆಯುತ್ತೆ. ನಡುವೆ ಶಿಡ್ಲಘಟ್ಟದಿಂದ ರೇಷ್ಮೆ ಪ್ಯೂಪ (ನೂಲು ತೆಗೆದ ಗೂಡಿನಲ್ಲಿ ಉಳಿಯುವ ಹುಳು) ತಂದು ಉಳಿದ ಬಾತುಗಳಿಗೆ ಹಾಕಿದ್ದೆ. ಗಬಗಬ ತಿಂದವು, ಆದರೆ ಮೊಟ್ಟೆ ವಾಸನೆಗೆ ನಮ್ಮಮ್ಮ ಅಡುಗೆಮನೆಗೇ ಸೇರಿಸಲಿಲ್ಲ.

ಒಟ್ಟು ಐದು ಸಾವಿರದ ಆಸುಪಾಸು ಹೋಗಿರಬೇಕು, ಬಾತಿನ ಬೆಲೆಗಿಂತ ಎಷ್ಟೋ ಪಾಲು. ಊತ ಮೇಲಿನ ಗೆಣ್ಣಿಗೆ ಏರಿದ್ದರೆ, ಅಥವಾ ಬಾತು ಎದ್ದೇ ನಿಲ್ಲದಿದ್ದರೆ ನನ್ನ ದಾರಿ ಹಿಡಿಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.